ಕ್ಯಾಂಪಸ್ ಒಳಗಿನ ಹಾಸ್ಟೆಲ್ ಒಪ್ಪಿಕೊಳ್ಳಲಾ, ಹೊರಗೆ ರೂಮ್ ಮಾಡಲಾ?

ಹೊಸಬಳು:

ನಮಸ್ಕಾರ ಎಲ್ಲರಿಗೂ. ನನಗೆ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಜೊತೆಗೇ ಕ್ಯಾಂಪಸ್ ಒಳಗಿನ ಹಾಸ್ಟೆಲಿನಲ್ಲಿ ಇಬ್ಬರು ಇರುವ ರೂಮೂ ಸಿಕ್ಕಿದೆ. ಬೇಕೋ ಬೇಡವೋ ಅಂತ ಈ ವಾರದೊಳಗೆ ತಿಳಿಸಬೇಕು. ಅನುಭವ ಇದ್ದವರು ದಯವಿಟ್ಟು ಹೇಳಿ.

ಇಲ್ಲಿವರೆಗೆ ನಾನು ಮನೆ ಬಿಟ್ಟು ಇದ್ದವಳಲ್ಲ. ರಾತ್ರಿ ಹತ್ತಕ್ಕೆ ಮಲಗಿ ಬೆಳಗಿನ ಜಾವ ಎದ್ದು ಓದೋದು ಚಿಕ್ಕಂದಿನಿಂದ ರೂಢಿ. ಪಕ್ಕದಲ್ಲಿ ಯಾರಾದರೂ ಪುಟ ತಿರುವಿದರೂ ಎಚ್ಚರ ಆಗುತ್ತೆ. ಹೊಸಬರ ಹತ್ತಿರ ನಾನಾಗಿ ಮಾತಾಡೋದು ಅಂದರೆ ಬಹಳ ಕಷ್ಟ. ರೂಮ್‌ಮೇಟ್ ಯಾರು ಅಂತ ಹಾಸ್ಟೆಲಿನವರೇ ತೀರ್ಮಾನ ಮಾಡ್ತಾರಂತೆ, ಬೇರೆ ವಿಭಾಗದವರೂ ಬರಬಹುದಂತೆ. ಬಂದವಳಿಗೆ ಓದಿನ ಕಡೆ ಗಮನ ಇಲ್ಲದಿದ್ದರೆ ನನ್ನ ಓದೂ ಹಾಳಾಗುತ್ತಾ ಅನ್ನೋ ಭಯ. ಗೆಳತಿಯರೆಲ್ಲ ಹೊರಗೆ ಒಂದು ರೂಮ್ ಮಾಡಿಕೋ, ನೆಮ್ಮದಿಯಾಗಿರ್ತೀಯ ಅಂತಿದ್ದಾರೆ. ಅಪ್ಪ ಅಮ್ಮನಿಗೆ ಕ್ಯಾಂಪಸ್ ಒಳಗೇ ಇರಲಿ ಅಂತ ಆಸೆ.

ಇನ್ನೊಂದು ವಿಷಯ. ಅರ್ಜಿಯಲ್ಲಿ ಯಾವ ಮಹಡಿ, ಮೆಟ್ಟಿಲ ಹತ್ತಿರವೋ ಕಾರಿಡಾರಿನ ಕೊನೆಯೋ ಅಂತ ಕೇಳಿದ್ದಾರೆ. ಅದರಿಂದ ಏನಾದರೂ ವ್ಯತ್ಯಾಸ ಆಗುತ್ತಾ? ನಾನಂತೂ ಕೊನೆಯ ರೂಮೇ ಇರಲಿ, ಯಾರ ಓಡಾಟವೂ ಇರಲ್ಲ ಅಂದುಕೊಂಡಿದ್ದೇನೆ.

ಬಾಡಿಗೆ ಮನೆಯವನು:

ನಾನು ಎರಡೂ ಕಡೆ ಇದ್ದು ನೋಡಿದವನು. ನಿಮ್ಮ ಸ್ವಭಾವಕ್ಕೆ ಹೊರಗಿನ ರೂಮೇ ಸರಿ ಅಂತ ನನ್ನ ಅಭಿಪ್ರಾಯ. ಹಾಸ್ಟೆಲಿನಲ್ಲಿ ಒಬ್ಬರ ಪರೀಕ್ಷೆ ಮುಗಿದ ದಿನ ಇನ್ನೊಬ್ಬರದು ಶುರುವಾಗಿರುತ್ತೆ, ಹಾಗಾಗಿ ಪೂರ್ತಿ ನಿಶ್ಶಬ್ದ ಅನ್ನುವ ರಾತ್ರಿ ಅಪರೂಪ. ಹೊರಗೆ ಬಾಗಿಲು ಹಾಕಿಕೊಂಡರೆ ಆ ಜಾಗ ನಿಮ್ಮದು. ರಜೆ ಬಂದ ಕೂಡಲೇ ಸಾಮಾನು ಕಟ್ಟಿ ಖಾಲಿ ಮಾಡಿ ಅನ್ನುವವರೂ ಇರಲ್ಲ.

ಹೊರಗೆ ಹೋಗುವುದಾದರೆ ಕರಾರು ಪತ್ರ ಓದದೆ ಸಹಿ ಹಾಕಬೇಡಿ. ಕರಾರು ಇಡೀ ವರ್ಷದ್ದೋ ಅಥವಾ ಕ್ಲಾಸು ನಡೆಯುವ ತಿಂಗಳುಗಳದ್ದು ಮಾತ್ರವೋ ನೋಡಿ. ಜೊತೆಗಿರುವವರು ಮಧ್ಯದಲ್ಲಿ ಬಿಟ್ಟುಹೋದರೆ ಅವರ ಪಾಲಿನ ಬಾಡಿಗೆ ಯಾರ ತಲೆಗೆ ಬರುತ್ತೆ ಅಂತ ಕಾಗದದಲ್ಲೇ ಬರೆಸಿ. ಕೊನೆಯ ಬಸ್ಸು ಎಷ್ಟು ಗಂಟೆಗೆ ಅನ್ನೋದನ್ನೂ ವಿಚಾರಿಸಿ, ಲ್ಯಾಬ್ ಇರುವವರಿಗೆ ಅದು ದೊಡ್ಡ ಪ್ರಶ್ನೆ.

ಮೂರನೇ ಮಹಡಿಯ ಅಕ್ಕ:

ಪಿಎಚ್‌.ಡಿ. ಮಾಡುವಾಗ ನಾನು ಒಂದು ಕ್ಯಾಂಪಸ್ ಹಾಸ್ಟೆಲಿನಲ್ಲಿ ಮಹಡಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ರೂಮ್‌ಮೇಟ್‌ಗಳ ಜಗಳ, ಕಳೆದುಹೋದ ಬೀಗದ ಕೈ, ಅರ್ಧರಾತ್ರಿಯ ಜ್ವರ ಎಲ್ಲವೂ ಮೊದಲು ಬರುತ್ತಿದ್ದದ್ದು ನನ್ನ ಬಾಗಿಲಿಗೇ. ಅದನ್ನೆಲ್ಲ ಕಂಡವಳಾಗಿ ಹೇಳ್ತೀನಿ: ಮೊದಲ ವರ್ಷ ಕ್ಯಾಂಪಸ್ ಒಳಗೇ ಇರಿ. ಮತ್ತು ದಯವಿಟ್ಟು ಕೊನೆಯ ರೂಮ್ ಕೇಳಬೇಡಿ.

ಮೇಲಿನವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ, ಹೊರಗೆ ಸದ್ದು ಕಡಿಮೆ ಇರಬಹುದು. ಆದರೆ ನೀವೇ ಬರೆದಿದ್ದೀರಿ, ಹೊಸಬರ ಹತ್ತಿರ ನಾನಾಗಿ ಮಾತಾಡೋದು ಕಷ್ಟ ಅಂತ. ಅಂಥವರಿಗೆ ಹಾಸ್ಟೆಲಿನ ದೊಡ್ಡ ಉಪಕಾರ ಏನೆಂದರೆ ಅಲ್ಲಿ ಪರಿಚಯ ಮಾಡಿಕೊಳ್ಳುವ ಅರ್ಧ ಕೆಲಸವನ್ನು ಕಾರಿಡಾರೇ ಮಾಡಿಬಿಡುತ್ತೆ. ಬಟ್ಟೆ ಒಗೆಯುವ ಮೆಷಿನ್ ಮುಂದೆ ಕಾಯುವಾಗ, ಕುಡಿಯುವ ನೀರು ಹಿಡಿಯುವಾಗ ಅದೇ ಮುಖಗಳು ಮತ್ತೆ ಮತ್ತೆ ಸಿಗುತ್ತವೆ. ಹೀಗೆ ನೋಡಿ ನೋಡಿ ನಗು, ನಗುವಿನಿಂದ ಮಾತು. ಹೊರಗಿನ ರೂಮಿನಲ್ಲಿ ಪ್ರತಿ ಪರಿಚಯಕ್ಕೂ ನೀವೇ ಹೊರಟು ಹೋಗಬೇಕು.

ಇದು ನನ್ನೊಬ್ಬಳ ಊಹೆ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಮದುವೆಯಾದ ವಿದ್ಯಾರ್ಥಿಗಳಿಗಾಗಿ ವೆಸ್ಟ್‌ಗೇಟ್ ಎಂಬ ವಸತಿ ಇತ್ತು. ಅಲ್ಲಿ ಯಾರು ಯಾರಿಗೆ ಸ್ನೇಹಿತರಾದರು ಅಂತ ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್ ಮತ್ತು ಕರ್ಟ್ ಬ್ಯಾಕ್ ಎಂಬ ಸಂಶೋಧಕರು ವಿಚಾರಿಸಿ 1950ರಲ್ಲಿ ಪ್ರಕಟಿಸಿದರು. ಮನೆಗಳನ್ನು ಕೊಟ್ಟದ್ದು ಕಾಯುವವರ ಪಟ್ಟಿಯ ಸರದಿಯಂತೆ, ಯಾರ ಪಕ್ಕ ಯಾರು ಅಂತ ಯಾರೂ ಆರಿಸಿಕೊಂಡಿರಲಿಲ್ಲ. ಅಲ್ಲಿನ ಎರಡಂತಸ್ತಿನ ಕಟ್ಟಡಗಳಲ್ಲಿ ಒಂದು ಮಹಡಿಗೆ ಇದ್ದದ್ದೇ ಐದು ಮನೆ. ಅಷ್ಟರಲ್ಲೇ ಪಕ್ಕದ ಬಾಗಿಲಿನವರನ್ನು ಆಪ್ತರೆಂದು ಹೆಸರಿಸಿದ್ದು ಶೇ. 41, ಆ ತುದಿಗೂ ಈ ತುದಿಗೂ ಇದ್ದವರ ನಡುವೆ ಬರೀ ಶೇ. 10. ಮೆಟ್ಟಿಲ ಬುಡದಲ್ಲಿ ಮನೆ ಸಿಕ್ಕವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರಾದರು, ಮೇಲಿನವರು ಹತ್ತಿ ಇಳಿಯುವಾಗ ಅವರ ಬಾಗಿಲ ಮುಂದೆಯೇ ಹಾಯಬೇಕಿತ್ತಲ್ಲ, ಅದಕ್ಕೆ. ನನ್ನ ಮಹಡಿಯಲ್ಲೂ ಕಾರಿಡಾರಿನ ಕೊನೆಯಲ್ಲಿದ್ದ ಹುಡುಗಿಯರ ಹೆಸರು ಕಲಿಯಲು ನನಗೇ ಎಲ್ಲರಿಗಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು. ಅವರು ಯಾರೂ ಗರ್ವದವರಲ್ಲ, ಅವರ ಬಾಗಿಲ ಮುಂದೆ ಹಾಯಲು ಯಾರಿಗೂ ಕಾರಣವೇ ಇರುತ್ತಿರಲಿಲ್ಲ ಅಷ್ಟೇ.

ಹಾಗಂತ ಮೆಟ್ಟಿಲಿಗೆ ಅಂಟಿಕೊಂಡ ರೂಮೂ ನಿಮಗೆ ಬೇಡ. ಬೆಂಕಿಯ ಸುರಕ್ಷತೆಗೆ ಅಂತ ಮೆಟ್ಟಿಲ ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಹಾಗೆ ಮೇಲೆ ಒಂದು ಕಬ್ಬಿಣದ ತೋಳು ಹಾಕಿರುತ್ತಾರೆ. ಅದರೊಳಗಿನ ಎಣ್ಣೆ ಸೋರಿಹೋದರೆ ಬಾಗಿಲು ನಿಧಾನಕ್ಕೆ ಕೂರುವ ಬದಲು ದಡ್ ಅಂತ ಬಡಿಯುತ್ತೆ, ಗೋಡೆಯ ಮೂಲಕ ಮಂಚಕ್ಕೇ ತಾಗುತ್ತೆ. ಮೆಟ್ಟಿಲಿಂದ ಎರಡು ಮೂರು ಬಾಗಿಲು ಆಚೆ ಕೇಳಿ. ಬಚ್ಚಲುಮನೆಯ ಗೋಡೆ ಹಂಚಿಕೊಂಡ ರೂಮ್ ಬೇಡ, ಬೆಳಗ್ಗೆ ಆರಕ್ಕೆಲ್ಲ ಪೈಪಿನಲ್ಲಿ ನೀರು ಧುಮುಕುವ ಸದ್ದು ತಲೆದಿಂಬಿನ ಪಕ್ಕದಲ್ಲೇ ಇರುತ್ತೆ. ಟಿವಿ ಇರುವ ಹಾಲಿನ ಎದುರೂ ಬೇಡ. ನಿದ್ದೆ ಕೆಡದಿರಲು ಮಲಗುವ ಕೋಣೆಯೊಳಗೆ ಸತತ ಸದ್ದು 30 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಅಂದರೆ ಹೆಚ್ಚೂಕಡಿಮೆ ಪಿಸುಮಾತಿನಷ್ಟು. ಯಾವ ಹಾಸ್ಟೆಲೂ ನಿಮಗೆ ಅದನ್ನು ಖಾತ್ರಿ ಕೊಡಲಾರದು. ಮೃದು ಫೋಮಿನ ಇಯರ್‌ಪ್ಲಗ್ ತಗೊಂಡು ಹೋಗಿ, ಬೆರಳಲ್ಲಿ ತೆಳ್ಳಗೆ ಹೊಸೆದು, ಕಿವಿಯ ಮೇಲ್ತುದಿಯನ್ನು ಸ್ವಲ್ಪ ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳಿಂದ ಒತ್ತಿ ಹಿಡಿದಿರಿ. ಸುಮ್ಮನೆ ತುರುಕಿದರೆ ಪ್ರಯೋಜನವಿಲ್ಲ.

ಕಿಟಕಿ ಯಾವ ಕಡೆಗೆ ಅಂತಲೂ ಕೇಳಿ. ಎಂಐಟಿಯಲ್ಲೇ ಇನ್ನೊಂದು ಹಾಸ್ಟೆಲ್ ಇದೆ, ಬೇಕರ್ ಹೌಸ್ ಅಂತ, 1949ರಲ್ಲಿ ಮುಗಿದದ್ದು. ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಅದನ್ನು ಅಂಕುಡೊಂಕಾಗಿ ಅಲೆಯ ಹಾಗೆ ಕಟ್ಟಿಸಿದ್ದು ಆದಷ್ಟು ಹೆಚ್ಚು ರೂಮುಗಳಿಗೆ ನದಿ ಕಾಣಲಿ ಅಂತ. ಹಾಸ್ಟೆಲ್ ರೂಮಿನ ಬಗ್ಗೆ ಅಷ್ಟು ಕಾಳಜಿ ವಹಿಸಿದ ಮನುಷ್ಯನ ಮೇಲೆ ನನಗೆ ತುಂಬಾ ಗೌರವ. ಚಿಕ್ಕ ರೂಮಿನಲ್ಲಿ ವರ್ಷಗಟ್ಟಲೆ ಓದುವವರಿಗೆ ಹೊರಗೆ ಒಂದು ಮರ ಕಂಡರೂ ಅದು ದೊಡ್ಡದು.

ಇನ್ನು ರೂಮ್‌ಮೇಟ್ ವಿಷಯ. ನಿಮ್ಮ ಭಯಕ್ಕೆ ಆಧಾರ ಇಲ್ಲ ಅಂತ ನಾನು ಹೇಳಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ರೂಮ್‌ಮೇಟ್‌ಗಳನ್ನು ಹೆಚ್ಚೂಕಡಿಮೆ ಚೀಟಿ ಎತ್ತಿದ ಹಾಗೆ ಹಂಚುತ್ತಿದ್ದರು. ಬ್ರೂಸ್ ಸೆಸರ್ಡೋಟ್ ಎಂಬ ಅರ್ಥಶಾಸ್ತ್ರಜ್ಞ ಅದನ್ನೇ ಬಳಸಿಕೊಂಡು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರೂಮ್‌ಮೇಟಿನ ಪ್ರಭಾವ ಅಂಕಗಳ ಮೇಲೆ ಕಂಡಿತು, ಯಾವ ವಿದ್ಯಾರ್ಥಿ ಸಂಘಗಳಿಗೆ ಸೇರುತ್ತಾರೆ ಅನ್ನೋದರ ಮೇಲೂ ಕಂಡಿತು. ಆದರೆ ಯಾವ ವಿಷಯ ಆರಿಸಿಕೊಳ್ಳುತ್ತಾರೆ ಎಂಬಂಥ ದೊಡ್ಡ ನಿರ್ಧಾರದ ಮೇಲೆ ಕಾಣಲಿಲ್ಲ. ಇದರಿಂದ ನಾನು ತೆಗೆದುಕೊಳ್ಳುವ ಪಾಠ ಒಂದೇ: ಓದನ್ನು ರೂಮಿನ ಮೇಲೆ ಹೊರಿಸಬೇಡಿ. ಮೊದಲ ವಾರವೇ ಲೈಬ್ರರಿಯಲ್ಲೋ ಹಾಸ್ಟೆಲಿನ ರೀಡಿಂಗ್ ರೂಮಿನಲ್ಲೋ ಒಂದು ಜಾಗ ಹಿಡಿದುಬಿಡಿ. ಬೆಳಗಿನ ಜಾವ ಓದುವ ನಿಮಗೆ ರೀಡಿಂಗ್ ರೂಮು ಎಷ್ಟು ಗಂಟೆಗೆ ತೆರೆಯುತ್ತೆ ಅನ್ನೋದು ರೂಮ್‌ಮೇಟ್ ಯಾರು ಅನ್ನೋದಕ್ಕಿಂತ ಮುಖ್ಯವಾದ ಪ್ರಶ್ನೆ. ಬೇರೆ ವಿಭಾಗದವಳು ಬಂದರೆ ಒಳ್ಳೆಯದೇ. ಒಂದೇ ತರಗತಿಯವರು ಒಂದೇ ರೂಮಿನಲ್ಲಿದ್ದಾಗ ಒಬ್ಬಳ ಅಂಕ ಇನ್ನೊಬ್ಬಳ ನಿದ್ದೆ ಕೆಡಿಸಿದ್ದನ್ನು ನಾನು ನೋಡಿದ್ದೇನೆ.

ನನ್ನ ಹತ್ತಿರ ಬಂದ ಜಗಳಗಳಲ್ಲಿ ಹೆಚ್ಚಿನವು ದೊಡ್ಡ ವಿಷಯದವಲ್ಲ. ಲೈಟು, ಅಲಾರಂ, ಫೋನ್, ಬಂದು ಹೋಗುವವರು, ಒದ್ದೆ ಟವೆಲ್ಲು. ಅದರಲ್ಲೂ ಅಲಾರಂ! ಒಬ್ಬಳು ಐದಕ್ಕೆ ಇಟ್ಟು, ಆರಿಸಿ, ಮತ್ತೆ ಐದೂ ಹತ್ತಕ್ಕೆ, ಮತ್ತೆ ಐದೂ ಇಪ್ಪತ್ತಕ್ಕೆ. ಏಳಬೇಕಾದವಳು ನಿದ್ದೆಯಲ್ಲಿ, ಮಲಗಬೇಕಾದವಳು ಎದ್ದು ಕೂತಿರುತ್ತಾಳೆ. ನಿಮ್ಮದು ಬೆಳಗಿನ ಜಾವದ ಓದು, ಆದ್ದರಿಂದ ನೀವು ಇದನ್ನು ಗಮನದಲ್ಲಿಡಲೇಬೇಕು. ಮೊದಲ ಸದ್ದಿಗೇ ಏಳಿ, ಇಲ್ಲವಾದರೆ ಕೈಗೆ ಕಟ್ಟಿಕೊಂಡು ಬರೀ ಅದುರುವಂಥ ಅಲಾರಂ ಇಟ್ಟುಕೊಳ್ಳಿ.

ನಮ್ಮಲ್ಲಿ ಮೊದಲ ವಾರ ಪ್ರತಿ ರೂಮಿನ ಇಬ್ಬರನ್ನೂ ಕೂರಿಸಿ ಒಂದು ಒಪ್ಪಂದದ ಹಾಳೆ ತುಂಬಿಸುತ್ತಿದ್ದೆವು. ಒಮ್ಮೆ ಇಬ್ಬರು ಹುಡುಗಿಯರು ನನ್ನ ಮೇಜಿನ ಮುಂದೆ ಕೂತಿದ್ದರು. ಒಬ್ಬಳು ಸರಸರ ಬರೆಯುತ್ತಾ ಹೋದಳು: ಹನ್ನೊಂದಕ್ಕೆ ಲೈಟ್ ಆಫ್, ಹತ್ತರ ಮೇಲೆ ಫೋನ್ ಇಲ್ಲ. ಇನ್ನೊಬ್ಬಳು ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು, ಆದರೆ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಳು. ನಾನು ಅವಳನ್ನು ಕೇಳಿದ್ದು ಇಷ್ಟೇ, ನೀನು ಮನೆಗೆ ಎಷ್ಟು ಹೊತ್ತಿಗೆ ಫೋನ್ ಮಾಡ್ತೀಯ ಅಂತ. ಅವಳ ಅಪ್ಪ ಬೇರೆ ದೇಶದಲ್ಲಿ ಕೆಲಸದಲ್ಲಿದ್ದರು, ಅವರಿಗೆ ಬಿಡುವಾಗುವ ಹೊತ್ತಿಗೆ ಇಲ್ಲಿ ನಡುರಾತ್ರಿ. ಹತ್ತರ ಮೇಲೆ ಫೋನ್ ಇಲ್ಲ ಅಂದರೆ ಅಪ್ಪನ ಜೊತೆ ಮಾತೇ ಇಲ್ಲ ಅಂತ ಅರ್ಥ. ಅದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ, ಬರೆಯುತ್ತಿದ್ದವಳಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಗೆಹರಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ವಾರದ ದಿನ ರೀಡಿಂಗ್ ರೂಮಿನ ಪಕ್ಕದ ಮೂಲೆಯಲ್ಲಿ ಮಾತು, ಶನಿವಾರ ರೂಮಿನಲ್ಲೇ. ಆ ಇಬ್ಬರೂ ಮುಂದಿನ ವರ್ಷ ತಾವಾಗಿ ಕೇಳಿ ಒಟ್ಟಿಗೇ ಇದ್ದರು. ಹಾಳೆಗಿಂತ ಆ ಮಾತುಕತೆಯೇ ದೊಡ್ಡದು. ನಿಮ್ಮ ಹಾಸ್ಟೆಲಿನಲ್ಲಿ ಇಂಥ ಹಾಳೆ ಇಲ್ಲದಿದ್ದರೂ ಮಾತಾಡಿ. ಮೊದಲ ವಾರ ಕೇಳಿದರೆ ಅದು ವಿಚಾರಣೆ, ಮೂರು ತಿಂಗಳು ಸಹಿಸಿಕೊಂಡು ಕೇಳಿದರೆ ದೂರು.

ಕೊನೆಯದಾಗಿ, ಮನೆಯ ನೆನಪು. ಅದು ಬಂದೇ ಬರುತ್ತೆ, ಹಗಲು ಕ್ಲಾಸಿನಲ್ಲಿ ಮರೆತಿದ್ದರೂ ಸಂಜೆ ರೂಮಿಗೆ ಬಂದಾಗ ಹಿಡಿದುಕೊಳ್ಳುತ್ತೆ. ಮೊದಲ ಕೆಲವು ವಾರ ಪ್ರತಿ ವಾರಾಂತ್ಯ ಮನೆಗೆ ಓಡಬೇಡಿ. ಕಾರಿಡಾರಿನಲ್ಲಿ ಗೆಳೆತನಗಳು ಕೂಡಿಕೊಳ್ಳುವುದು ಆ ಶನಿವಾರ ಭಾನುವಾರಗಳಲ್ಲೇ. ಆದರೆ ನಿದ್ದೆ, ಊಟ ಬಿಟ್ಟುಹೋಗುವಷ್ಟು ಆದರೆ ಒಬ್ಬರೇ ಅನುಭವಿಸಬೇಡಿ, ನಿಮ್ಮ ಮಹಡಿಯ ಉಸ್ತುವಾರಿಯವರಿಗೆ ಹೇಳಿ. ಅವರು ಇರುವುದೇ ಅದಕ್ಕೆ.

ರಾತ್ರಿ ಲ್ಯಾಬ್:

ಅಕ್ಕ ಹೇಳಿದ್ದಕ್ಕೆ ಆ ಕಡೆಯ ಮಂಚದಿಂದ ಒಂದು ಮಾತು ಸೇರಿಸ್ತೀನಿ. ನಾನು ಪ್ರಯೋಗ ಮುಗಿಸಿ ರಾತ್ರಿ ಎರಡಕ್ಕೆ ರೂಮಿಗೆ ಬರುವವನು, ನನ್ನ ರೂಮ್‌ಮೇಟ್ ನಿಮ್ಮ ಹಾಗೆ ಹತ್ತಕ್ಕೆ ಮಲಗುವವನು. ನಮಗೆ ಹೊಂದಿಕೆ ಆದದ್ದು ವಸ್ತುಗಳನ್ನು ಜೋಡಿಸಿಟ್ಟುಕೊಂಡಿದ್ದರಿಂದ. ಸಂಜೆಯೇ ರಾತ್ರಿಯ ಬಟ್ಟೆ, ಚಾರ್ಜರು, ಹಲ್ಲುಜ್ಜುವ ಸಾಮಾನು ಕುರ್ಚಿಯ ಮೇಲೆ ಇಟ್ಟು ಹೋಗ್ತೀನಿ. ಕಬೋರ್ಡಿನ ಬಾಗಿಲು ಕಿರುಗುಟ್ಟುತ್ತೆ, ರಾತ್ರಿ ಅದನ್ನು ಮುಟ್ಟೋದೇ ಇಲ್ಲ. ಮೇಲಿನ ಟ್ಯೂಬ್‌ಲೈಟ್ ಹಾಕಲ್ಲ, ಗೋಡೆಗೆ ತಿರುಗಿಸಿಟ್ಟ ಹಳದಿ ಬೆಳಕಿನ ಟೇಬಲ್ ಲ್ಯಾಂಪ್ ಸಾಕು. ಬೆಳಗ್ಗೆ ಅವನೂ ಹಾಗೇ ಮಾಡ್ತಾನೆ. ನೀವು ಐದಕ್ಕೆ ಎದ್ದಾಗ ಮಲಗಿರುವವಳಿಗೆ ಅದು ನಡುರಾತ್ರಿ ಆಗಿರಬಹುದು, ದಯವಿಟ್ಟು ಇದನ್ನು ನೆನಪಿಡಿ.

ಅಕ್ಕನ ಒಂದು ಮಾತು ನಾನು ಪೂರ್ತಿ ಒಪ್ಪಲ್ಲ. ಮೊದಲ ವಾರ ಮಾಡಿಕೊಂಡ ಒಪ್ಪಂದ ವರ್ಷಪೂರ್ತಿ ನಡೆಯೋದಿಲ್ಲ. ಆಗ ಯಾರಿಗೂ ತಮ್ಮ ವೇಳಾಪಟ್ಟಿಯೇ ಗೊತ್ತಿರಲ್ಲ. ಮೊದಲ ಪರೀಕ್ಷೆಗಳು ಮುಗಿದ ಮೇಲೆ ಮತ್ತೊಮ್ಮೆ ಕೂತು ಮಾತಾಡಿ.

ಹಾಸ್ಟೆಲ್ ಆಫೀಸಿನವರು:

ನಾನು ಹಾಸ್ಟೆಲ್ ಆಫೀಸಿನಲ್ಲಿ ಕೆಲಸ ಮಾಡುವವನು. ಯಾರೂ ಹೇಳದ ಕೆಲವು ವಿಷಯ ಹೇಳಿಬಿಡ್ತೀನಮ್ಮ.

ಕೀ ಕೊಡುವಾಗ ರೂಮಿನ ಸ್ಥಿತಿಯ ಬಗ್ಗೆ ಒಂದು ಫಾರಂ ಕೊಡ್ತಾರೆ. ಅವಸರದಲ್ಲಿ ಎಲ್ಲದಕ್ಕೂ ಸರಿ ಇದೆ ಅಂತ ಟಿಕ್ ಹಾಕಬೇಡಿ. ಸಾಮಾನು ಒಳಗಿಡುವ ಮೊದಲೇ ಗೋಡೆ, ಮೇಜು, ಕಿಟಕಿ ಚಿಲಕ, ಹಾಸಿಗೆ ಎಲ್ಲದರ ಫೋಟೊ ತೆಗೆದು ಆಫೀಸಿಗೆ ಇಮೇಲ್ ಮಾಡಿ. ಆಗ ತಾರೀಖು ತಾನಾಗಿ ದಾಖಲಾಗುತ್ತೆ. ಖಾಲಿ ಮಾಡುವಾಗ ಠೇವಣಿಯಲ್ಲಿ ಹಿಡಿದುಕೊಳ್ಳುವ ಪ್ರಶ್ನೆ ಬಂದರೆ ಅದೇ ನಿಮ್ಮ ಸಾಕ್ಷಿ.

ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಿಂದ ಬಿಡಿಸಿ ನೋಡಿ. ಮಸಿ ಚುಕ್ಕಿಯಂಥ ಕಲೆ ಇದ್ದರೆ ತಿಗಣೆ ಇರಬಹುದು. ಕೂಡಲೇ ತಿಳಿಸಿ, ನಾಚಿಕೊಳ್ಳುವ ವಿಷಯ ಅಲ್ಲ, ತಿಗಣೆಗೂ ಕೊಳಕಿಗೂ ಸಂಬಂಧ ಇಲ್ಲ, ಅದು ಸಾಮಾನಿನ ಜೊತೆ ಪ್ರಯಾಣ ಮಾಡುತ್ತೆ. ಬಟ್ಟೆ, ಹೊದಿಕೆಗಳನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ಮೊಟ್ಟೆಗಳೂ ಸಾಯುತ್ತವೆ. ನೀವಾಗಿ ಔಷಧ ಹೊಡೆಯಬೇಡಿ, ಅವು ಪಕ್ಕದ ರೂಮಿಗೆ ಹೋಗುತ್ತವೆ ಅಷ್ಟೇ.

ರೂಮಿನಲ್ಲಿ ವಿದ್ಯುತ್ ಒಲೆ ಇಡಬೇಡಿ ಅನ್ನೋದು ಕಿರುಕುಳ ಕೊಡಲು ಅಲ್ಲ. ಹಾಸ್ಟೆಲ್‌ಗಳಲ್ಲಿ ಹೊತ್ತಿಕೊಳ್ಳುವ ಬೆಂಕಿಗೆ ಮೊದಲ ಕಾರಣವೇ ಅಡುಗೆ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸಬೇಡಿ. ಹೊಗೆ ಪತ್ತೆ ಮಾಡುವ ಯಂತ್ರಕ್ಕೆ ಕವರ್ ಕಟ್ಟುವವರಿದ್ದಾರೆ, ಅದನ್ನು ನೋಡಿದಾಗ ನಿಜವಾಗಲೂ ಹೊಟ್ಟೆ ಉರಿಯುತ್ತೆ, ಮಲಗಿರುವವರನ್ನು ಎಬ್ಬಿಸಲು ಇರುವುದು ಅದೊಂದೇ.

ಒದ್ದೆ ಬಟ್ಟೆ ರೂಮಿನೊಳಗೆ ಒಣಗಿಸುವುದಾದರೆ ಕಿಟಕಿ ತೆರೆದಿಡಿ. ಗಾಳಿಯಲ್ಲಿ ತೇವ ಶೇ. 60 ದಾಟಿ ಹಾಗೇ ನಿಂತರೆ ಗೋಡೆ ಮೂಲೆಯಲ್ಲಿ, ಕಬೋರ್ಡಿನ ಹಿಂದೆ ಬೂಷ್ಟು ಹಿಡಿಯುತ್ತೆ. ಮತ್ತೆ, ಲಸಿಕೆಯ ಪಟ್ಟಿಯನ್ನು ವೈದ್ಯರಿಗೆ ತೋರಿಸಿ ಬನ್ನಿ. ಹಾಸ್ಟೆಲ್ ಸೇರುವ ಹೊಸ ವಿದ್ಯಾರ್ಥಿಗಳಲ್ಲಿ ಮೆನಿಂಗೊಕಾಕಲ್ ಸೋಂಕಿನ (ಮೆದುಳಿನ ಪೊರೆಗೆ, ರಕ್ತಕ್ಕೆ ತಗಲುವ ಬ್ಯಾಕ್ಟೀರಿಯಾ ಸೋಂಕು) ಅಪಾಯ ಸ್ವಲ್ಪ ಹೆಚ್ಚು. ಜ್ವರದ ಜೊತೆ ಕುತ್ತಿಗೆ ಬಿಗಿಯುವುದು, ಬೆಳಕು ನೋಡಲಾಗದಿರುವುದು, ಒತ್ತಿದರೂ ಮಾಸದ ಕೆಂಪು ಚುಕ್ಕೆ, ಇವು ಕಂಡರೆ ಬೆಳಗಾಗಲಿ ಅಂತ ಕಾಯಬಾರದು, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ನಿಮಗೆ ಅಂತಲ್ಲ, ಪಕ್ಕದ ಮಂಚದವಳಿಗೆ ಆದರೂ.

ಹೊಸಬಳು:

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೂ ಓದಿ ಹೇಳಿದೆ. ಹಾಸ್ಟೆಲ್ ಒಪ್ಪಿಕೊಳ್ತಿದ್ದೇನೆ. ಅಕ್ಕ, ಎರಡು ಸಂದೇಹ. ಮೊದಲ ವಾರ ಮಾತಾಡಿ ಅಂದಿರಿ, ನನಗೆ ಆ ಮಾತು ಶುರು ಮಾಡೋದೇ ಗೊತ್ತಾಗಲ್ಲ. ಇಷ್ಟೆಲ್ಲ ಮಾಡಿಯೂ ಹೊಂದಿಕೆ ಆಗದಿದ್ದರೆ ರೂಮ್ ಬದಲಾಯಿಸಿ ಅಂತ ಕೇಳಿದರೆ ತಪ್ಪು ತಿಳೀತಾರಾ?

ಮೂರನೇ ಮಹಡಿಯ ಅಕ್ಕ:

ನಿಯಮ ಹೇಳುವ ಹಾಗೆ ಶುರು ಮಾಡಬೇಡಿ, ನಿಮ್ಮ ಬಗ್ಗೆ ಹೇಳಿಕೊಂಡು ಶುರು ಮಾಡಿ. "ನಾನು ಹತ್ತಕ್ಕೆಲ್ಲ ಮಲಗಿಬಿಡ್ತೀನಿ, ಬೆಳಗ್ಗೆ ಐದಕ್ಕೆ ಏಳ್ತೀನಿ, ನಿನಗೆ ತೊಂದರೆ ಆಗದ ಹಾಗೆ ಹೇಗೆ ಮಾಡಲಿ?" ಇಷ್ಟು ಕೇಳಿದರೆ ಸಾಕು, ಅವಳು ತನ್ನದನ್ನು ಹೇಳುತ್ತಾಳೆ. ಎದುರುಬದುರು ಕೂತು ಕೇಳುವುದು ಕಷ್ಟ ಅನಿಸಿದರೆ ಇಬ್ಬರೂ ಸಾಮಾನು ಜೋಡಿಸುವಾಗ ಕೇಳಿ, ಕೈಯಲ್ಲಿ ಕೆಲಸ ಇದ್ದರೆ ಮಾತು ಸಲೀಸು. ಬಂದವರು ಎಷ್ಟು ಹೊತ್ತಿನವರೆಗೆ ಇರಬಹುದು ಅನ್ನೋದನ್ನೂ ಅದೇ ಉಸಿರಿನಲ್ಲಿ ಕೇಳಿಬಿಡಿ, ಆಮೇಲೆ ಒಬ್ಬರು ಬಂದು ಕೂತಾಗ ಕೇಳಲಾಗುವುದಿಲ್ಲ.

ರೂಮ್ ಬದಲಾವಣೆ ಕೇಳುವುದು ತಪ್ಪೇ ಅಲ್ಲ. ಆದರೆ ಬಹಳ ಕಡೆ ಮೊದಲ ಕೆಲವು ವಾರ ಬದಲಾವಣೆ ಮಾಡಿಕೊಡಲ್ಲ, ಯಾರು ಬಂದರು ಯಾರು ಬರಲಿಲ್ಲ ಅನ್ನೋ ಲೆಕ್ಕ ಸರಿಹೋಗುವವರೆಗೆ ಖಾಲಿ ಮಂಚ ಎಲ್ಲಿದೆ ಅಂತ ಅವರಿಗೇ ಗೊತ್ತಿರಲ್ಲ. ಆ ಅವಧಿ ಯಾವಾಗ ಮುಗಿಯುತ್ತೆ ಅಂತ ಸೇರುವ ದಿನವೇ ಕೇಳಿಟ್ಟುಕೊಳ್ಳಿ. ಕೇಳುವಾಗ ಅವಳ ಗುಣದ ಬಗ್ಗೆ ಬರೆಯಬೇಡಿ, ನಿಮ್ಮ ನಿದ್ದೆಯ ಹೊತ್ತು, ಓದಿನ ಹೊತ್ತು ಮಾತ್ರ ಬರೆಯಿರಿ. ಬೆದರಿಕೆ, ಕಳ್ಳತನ, ಮೈಮುಟ್ಟುವಂಥದ್ದು ಏನಾದರೂ ನಡೆದರೆ ಮಾತ್ರ ಈ ಯಾವ ಕಾಯುವಿಕೆಯೂ ಬೇಡ, ಅದೇ ರಾತ್ರಿ ವಾರ್ಡನ್ ಬಾಗಿಲು ತಟ್ಟಿ.

ಅರ್ಜಿಯಲ್ಲಿ ಅಭ್ಯಾಸಗಳ ಬಗ್ಗೆ ಖಾಲಿ ಜಾಗ ಇದ್ದರೆ ಬೇಗ ಮಲಗುವವಳು, ನಸುಕಿನಲ್ಲಿ ಏಳುವವಳು ಅಂತ ಸ್ಪಷ್ಟವಾಗಿ ಬರೆಯಿರಿ. ತಮ್ಮನ್ನು ಹೇಗೆ ಕಾಣಬೇಕೆಂಬ ಆಸೆಯೋ ಹಾಗೆ ತುಂಬಿದವರಿಗೆ ಹೊಂದುವ ಜೊತೆ ಸಿಗೋದು ಕಷ್ಟ. ರೂಮ್ ಆಯ್ಕೆಯಲ್ಲಿ ನಡುವಿನ ಮಹಡಿ, ಮೆಟ್ಟಿಲಿಂದ ಮೂರನೇ ಬಾಗಿಲು ಅಂತ ಹಾಕಿ ಇವತ್ತೇ ಕಳಿಸಿಬಿಡಿ, ಅಂಥ ರೂಮುಗಳು ಬೇಗ ಹೋಗಿಬಿಡುತ್ತವೆ.